ಶಿರಸಿಯಲ್ಲಿ ಲ್ಯಾವೆಂಡರ್: ಪುನರ್ವಸು ಮಳೆಯವರೆಗಿನ ಪ್ರಗತಿ

ನಮ್ಮ ಕಡೆ ಲ್ಯಾವೆಂಡರ್ ಸಾಯುವುದು ಬಿಸಿಲಿಗಲ್ಲ, ಮಳೆಗಾಲದಲ್ಲಿ ಬೇರು ಕೊಳೆತು. ಹಾಗಾಗಿ ಎಲ್ಲ ತಯಾರಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಿಗಾಗಿಯೇ.

ಆರಿಸಿಕೊಂಡ ಜಾತಿ ಡೆಂಟಾಟಾ. ಎಲೆಯಂಚಿನಲ್ಲಿ ಗರಗಸದ ಹಲ್ಲಿನಂಥ ಕಚ್ಚು, ಪರಿಮಳ ಕರ್ಪೂರದ ಕಡೆಗೆ. ಜಮ್ಮುವಿನ ಭದರ್ವಾಹದಲ್ಲಿ ಎಣ್ಣೆಗಾಗಿ ಬೆಳೆಯುವ ಅಂಗುಸ್ಟಿಫೋಲಿಯಾಕ್ಕೆ ಗಟ್ಟಿ ಚಳಿ ಬೇಕು. ಇಲ್ಲಿ ಅದರಿಂದ ಹೂವು ನಿರೀಕ್ಷಿಸುವಂತಿಲ್ಲ.

ಅಕ್ಟೋಬರ್: ಹೂ ಬಿಡದ ಟಿಸಿಲನ್ನು 8–10 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಅರ್ಧ ಎಲೆ ತೆಗೆದು, ಸಮಪಾಲು ದಪ್ಪ ಮರಳು ಮತ್ತು ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಟ್ಟಿದ್ದು. ಬೇರು ಬರಲು ಮೂರರಿಂದ ಐದು ವಾರ ಬೇಕು. ಮೇಲೆ ಪ್ಲಾಸ್ಟಿಕ್ ಮುಚ್ಚಬಾರದು, ರೋಮವಿರುವ ಎಲೆ ಕೊಳೆಯುತ್ತದೆ.

ಡಿಸೆಂಬರ್: 10 ಇಂಚಿನ ಮಣ್ಣಿನ ಕುಂಡಕ್ಕೆ ವರ್ಗಾವಣೆ. ಮಿಶ್ರಣ ಹೀಗೆ: ದಪ್ಪ ಹೊಳೆಮರಳು 2 ಪಾಲು, ಕೆಂಪು ಮಣ್ಣು 1, ಬೇಬಿ ಜಲ್ಲಿ 1, ಹಳೆಯ ಗೊಬ್ಬರ ಅರ್ಧ. ಕಾರವಾರದ ಕಡೆಯವರು ಕಡಲ ಮರಳು ಹಾಕಬೇಡಿ, ಉಪ್ಪಿರುತ್ತದೆ. ಇಲ್ಲಿನ ಕೆಂಪು ಮಣ್ಣು ಹುಳಿ, ಪಿಎಚ್ ಸಾಮಾನ್ಯವಾಗಿ 5ರಿಂದ 6. ಲ್ಯಾವೆಂಡರಿಗೆ ಬೇಕಾದದ್ದು 6.5ರಿಂದ 7.5. ಹುಳಿ ತಗ್ಗಿಸಲು ಕುಟ್ಟಿದ ಕಪ್ಪೆಚಿಪ್ಪಿನ ಪುಡಿ, ಕುಂಡಕ್ಕೆ ಎರಡು ಚಮಚ. ಎಲೆಯಡಿಕೆಯ ಸುಣ್ಣ ಬೇಡ, ಬೇರು ಸುಡುತ್ತದೆ. ಕೊನೆಗೊಂದು ಪರೀಕ್ಷೆ: ಒಂದು ಲೀಟರ್ ನೀರು ಹೊಯ್ದರೆ ಅರ್ಧ ನಿಮಿಷದೊಳಗೆ ಮೇಲೆ ನಿಂತ ನೀರು ಇಂಗಬೇಕು. ಇಂಗದಿದ್ದರೆ ಇನ್ನಷ್ಟು ಜಲ್ಲಿ.

ಬೇಸಿಗೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಮೇಲಿನ ಮೂರು ಸೆಂ.ಮೀ. ಒಣಗಿದಾಗ ಬೆಳಿಗ್ಗೆ ನೀರು, ಅಷ್ಟೇ.

ಮೇ ಕೊನೆ: ಹೂ ಮುಗಿದ ಗಿಡಗಳ ಹಸಿರು ಭಾಗದಲ್ಲಿ ಮೂರನೇ ಒಂದು ಪಾಲು ಕತ್ತರಿಸಿದ್ದಾಯಿತು. ಎಲೆಯಿಲ್ಲದ ಕಟ್ಟಿಗೆಯವರೆಗೆ ಇಳಿದರೆ ಮತ್ತೆ ಚಿಗುರುವುದು ಕಷ್ಟ. ನಡುವೆ ಗಾಳಿಯಾಡುವಂತೆ ಒಳಗಿನ ಸಣ್ಣ ಟಿಸಿಲು ಬಿಡಿಸಿ, ಮಣ್ಣಿಗೆ ತಾಗುವ ಎಲೆ ಕಿತ್ತು, ಬುಡಕ್ಕೆ ಎರಡು ಸೆಂ.ಮೀ. ಜಲ್ಲಿ ಹಾಸಿದೆ. ಅಡಿಕೆ ತೋಟದ ಅಭ್ಯಾಸದಂತೆ ದರಕು (ಒಣಗಿದ ಎಲೆ), ಸೊಪ್ಪು ಹೊದಿಸಲೇಬಾರದು.

ಜೂನ್ ಮೊದಲು ಎಲ್ಲ ಕುಂಡಗಳೂ ಪಾಲಿಕಾರ್ಬೊನೇಟ್ ಶೀಟಿನ ಕೆಳಗೆ, ಮೂರು ಇಟ್ಟಿಗೆ ತುಂಡುಗಳ ಮೇಲೆ. ನಾಲ್ಕೂ ಬದಿ ತೆರೆದಿದೆ. ಓರೆ ಮಳೆ ತಡೆಯಲು ಶೀಟು ಒಂದೂವರೆ ಅಡಿ ಹೊರಚಾಚಿದೆ. ಸೂರಿನಡಿ ಇಟ್ಟರೆ ಸಾಲದು, ಇಳಿಯುವ ನೀರು ನೇರ ಬುಡಕ್ಕೇ ಸಿಡಿಯುತ್ತದೆ.

ಆರಿದ್ರಾ ದಾಟಿ ಪುನರ್ವಸು ಬಂದರೂ ಗಿಡಗಳು ಬೂದುಹಸಿರು ಉಳಿಸಿಕೊಂಡಿವೆ. ದಿನವೂ ನೋಡುವುದು ತುದಿಗಳನ್ನು. ಮಣ್ಣು ಒದ್ದೆಯಿದ್ದೂ ತುದಿ ಬಾಡಿ, ಸಂಜೆಗೂ ಏಳದಿದ್ದರೆ ಬುಡದ ತೊಗಟೆ ಉಗುರಿನಿಂದ ಕೆರೆಯಬೇಕು: ಹಸಿರಿದ್ದರೆ ಸರಿ, ಕಂದಾಗಿದ್ದರೆ ಬೇರು ಹೋಗಿದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕುಲದ, ಶಿಲೀಂಧ್ರದಂಥ ಸೂಕ್ಷ್ಮಜೀವಿಯೇ ಈ ಕೆಲಸವನ್ನೂ ಮಾಡುತ್ತದೆ. ಆದರೆ ಕೊಳೆತ ಬೇರಿಗೆ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದು ಉಪಯೋಗವಿಲ್ಲ. ಮೇಲಿನ ಒಳ್ಳೆಯ ಟಿಸಿಲಿಂದ ಕಡ್ಡಿ ತೆಗೆದುಕೊಂಡು, ಗಿಡವನ್ನು ಮಣ್ಣಿನ ಸಮೇತ ದೂರ ಹಾಕಿ. ಆ ಮಣ್ಣು ಮತ್ತೆ ಬಳಸಬೇಡಿ.

ಸದ್ಯ ನೀರು ಹಾಕುವುದು ಕುಂಡ ಎತ್ತಿ ಹಗುರೆನಿಸಿದಾಗ ಮಾತ್ರ. ಮುಂದಿನ ಕಡ್ಡಿ ಕತ್ತರಿಸುವುದು ಹಸ್ತ ಮಳೆ ಕಳೆದ ಮೇಲೆ.