ಒಂದು ಲೂಪ್, ಒಂದು ಮಲ್ಟಿಮೀಟರ್: ಕಲಿಕಾ ಸಾಧನದ ಕೆಲಸ ಎಲ್ಲಿಗೆ ಬಂತು

ಕೈಗಾರಿಕಾ ನಿಯಂತ್ರಣ ಉಪಕರಣಗಳ ದುರಸ್ತಿ ಕಲಿಸಲು ನಾನು ಕಟ್ಟುತ್ತಿರುವ, ಬ್ರೌಸರ್‌ನಲ್ಲೇ ಓಡುವ ಈ ಸಾಧನದಲ್ಲಿ ಸದ್ಯಕ್ಕೆ ಇರುವುದು ಒಂದು ಟ್ಯಾಂಕ್, ಅದರ ತಳದಲ್ಲಿ ಮಟ್ಟ ಅಳೆಯುವ ಪ್ರೆಶರ್ ಟ್ರಾನ್ಸ್‌ಮಿಟರ್, ಒಳಹರಿವಿನ ಪೈಪಿನಲ್ಲಿ ಕಂಟ್ರೋಲ್ ವಾಲ್ವ್, ಇವೆರಡರ ನಡುವೆ ಪಿಐಡಿ ಕಂಟ್ರೋಲರ್ (ಅಳೆದ ಮಟ್ಟವನ್ನು ಬೇಕಾದ ಮಟ್ಟಕ್ಕೆ ಹೋಲಿಸಿ ವಾಲ್ವನ್ನು ತೆರೆದು ಮುಚ್ಚುವ ಸಾಧನ). ಬಾಯ್ಲರ್, ಡಿಸ್ಟಿಲೇಷನ್ ಕಾಲಮ್‌ಗಳು ಮುಂದೆ ಬರಬಹುದು, ಬರದೆಯೂ ಇರಬಹುದು. ಒಂದೇ ಲೂಪನ್ನು ಬುಡದಿಂದ ಅರ್ಥ ಮಾಡಿಸಬೇಕೆಂಬ ಹಟ ನನ್ನದು.

ಈ ಬಾರಿ ನೀರಿನ ಅನಿಮೇಷನ್ ಅನ್ನು ಪರದೆಯ ಮೂಲೆಗೆ ಸರಿಸಿ, ನಡುವಿನ ಜಾಗವನ್ನು ವೈರಿಂಗ್ ಚಿತ್ರಕ್ಕೆ ಬಿಟ್ಟುಕೊಟ್ಟೆ. ಪೈಪಿನೊಳಗೆ ನೀಲಿ ನೀರು ಓಡುವುದು ಕಣ್ಣಿಗೆ ಹಿತವೇ. ಆದರೆ ಸ್ಥಾವರದಲ್ಲಿ ದುರಸ್ತಿಗೆ ನಿಂತವನಿಗೆ ಆ ನೀರು ಕಾಣಿಸುವುದೇ ಇಲ್ಲ. ಕಾಣುವುದು ಮುಚ್ಚಿದ ಉಕ್ಕಿನ ಟ್ಯಾಂಕ್, ಜಂಕ್ಷನ್ ಬಾಕ್ಸ್ ಮತ್ತು ಎರಡು ತಂತಿ. ಹಾಗಾಗಿ ಕಲಿಯುವವರ ಕೈಗೆ ಒಂದು ಮಲ್ಟಿಮೀಟರ್ ಕೊಟ್ಟಿದ್ದೇನೆ. ಕೆಂಪು, ಕಪ್ಪು ಪ್ರೋಬ್‌ಗಳನ್ನು ಎಳೆದು ಯಾವ ಟರ್ಮಿನಲ್ ಮೇಲೆ ಬೇಕಾದರೂ ಇಡಬಹುದು.

ಚಿತ್ರದಲ್ಲಿರುವುದು ಮಾಮೂಲಿ 4–20 ಮಿಲಿಆಂಪಿಯರ್ ಲೂಪ್: ಟ್ಯಾಂಕ್ ಖಾಲಿಯಿದ್ದರೆ 4, ತುಂಬಿದ್ದರೆ 20 ಮಿಲಿಆಂಪಿಯರ್ ಕರೆಂಟ್. ಪೂರೈಕೆ 24 ವೋಲ್ಟ್, ಕಂಟ್ರೋಲರ್ ಬಳಿ 250 ಓಮ್ ರೆಸಿಸ್ಟರ್, ಹೋಗಿಬರುವ ಕೇಬಲ್‌ಗೆ ಒಟ್ಟು 50 ಓಮ್. ಟ್ಯಾಂಕ್ ಅರ್ಧ ತುಂಬಿದಾಗ 12 ಮಿಲಿಆಂಪಿಯರ್ ಹರಿಯುತ್ತದೆ. ರೆಸಿಸ್ಟರ್ ಮೇಲೆ 3 ವೋಲ್ಟ್, ಕೇಬಲ್‌ನಲ್ಲಿ 0.6, ಉಳಿದ 20.4 ಟ್ರಾನ್ಸ್‌ಮಿಟರ್‌ಗೆ. ಈ ಅಂಕಿಗಳನ್ನು ಪರದೆಯ ಮೇಲೆ ಎಲ್ಲಿಯೂ ಬರೆದಿಟ್ಟಿಲ್ಲ. ಬೇಕಾದವರು ಅಳೆದು ತಿಳಿಯಬೇಕು. ಮೀಟರ್ ಕರೆಂಟ್ ಸ್ಥಾನದಲ್ಲಿರುವಾಗಲೇ ಪ್ರೋಬ್‌ಗಳನ್ನು ಪೂರೈಕೆಗೆ ಅಡ್ಡವಾಗಿ ಇಟ್ಟರೆ ಟಪ್ಪೆಂದು ಫ್ಯೂಸ್ ಹಾರುವ ಸದ್ದು ಬರುತ್ತದೆ. ಅದೇ ಸ್ಥಾನದಲ್ಲಿ 250 ಓಮ್ ರೆಸಿಸ್ಟರ್‌ಗೆ ಅಡ್ಡವಾಗಿ ಇಟ್ಟರೆ ಇನ್ನೂ ಸ್ವಾರಸ್ಯ: ಮೀಟರ್ ತಣ್ಣಗೆ 12 ಎಂದೇ ತೋರಿಸುತ್ತದೆ, ಕಂಟ್ರೋಲರ್‌ಗೆ ಮಾತ್ರ ಹೆಚ್ಚುಕಡಿಮೆ ಸೊನ್ನೆ ವೋಲ್ಟ್ ತಲುಪುತ್ತದೆ. ಟ್ಯಾಂಕ್ ಬರಿದಾಯಿತೆಂದು ಬಗೆದ ಅದು ವಾಲ್ವನ್ನು ಪೂರ್ತಿ ತೆರೆಯುತ್ತದೆ. ಅಳೆಯಲು ಹೋದವನೇ ಪ್ರಕ್ರಿಯೆಯನ್ನು ಅಲ್ಲಾಡಿಸಬಲ್ಲ ಎಂಬುದನ್ನು ಹೇಳಲು ಒಂದು ಪುಟದ ಎಚ್ಚರಿಕೆಗಿಂತ ಇದು ಮೇಲು.

ದೋಷಗಳ ವಿಭಾಗ

ಹೆಚ್ಚು ಹೊತ್ತು ಹಿಡಿದದ್ದು ಇದು, ನನಗೆ ಹೆಚ್ಚು ಇಷ್ಟವಾದದ್ದೂ ಇದೇ. ತಂತಿ ತುಂಡಾಗುವ ದೋಷ ಸುಲಭ. 0% ಮಟ್ಟಕ್ಕೂ 4 ಮಿಲಿಆಂಪಿಯರ್ ಇರಬೇಕಾದಲ್ಲಿ ಸೊನ್ನೆ ಬಂದರೆ ಟ್ಯಾಂಕ್ ಖಾಲಿಯಲ್ಲ, ಲೂಪ್ ಸತ್ತಿದೆ ಎಂದು ಯಾರಿಗಾದರೂ ಹೊಳೆಯುತ್ತದೆ. ಟ್ರಾನ್ಸ್‌ಮಿಟರ್ ತಾನೇ ಕೆಟ್ಟಾಗ ಏನು ಮಾಡಬೇಕೆಂಬುದಕ್ಕೆ ಪ್ರಕ್ರಿಯಾ ಉದ್ಯಮಗಳ ಸಂಘ ನಾಮೂರ್‌ನ ಎನ್‌ಇ 43 ಶಿಫಾರಸನ್ನು ಅನುಸರಿಸಿದ್ದೇನೆ: ಅಳತೆಯ ಸಂಕೇತ 3.8ರಿಂದ 20.5ರೊಳಗೆ, 3.6 ಅಥವಾ ಅದಕ್ಕಿಂತ ಕಡಿಮೆ, 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ದೋಷದ ಸೂಚನೆ.

ಕಪಟಿ ದೋಷವೆಂದರೆ ತುಕ್ಕು ಹಿಡಿದ ಟರ್ಮಿನಲ್. ಜಂಕ್ಷನ್ ಬಾಕ್ಸ್‌ನಲ್ಲಿ 600 ಓಮ್ ಸೇರಿಸಿದೆ. ನನ್ನ ಮಾದರಿಯ ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 12 ವೋಲ್ಟ್ ಬೇಕು. ಉಳಿದ 12 ವೋಲ್ಟನ್ನು 900 ಓಮ್‌ಗೆ ಭಾಗಿಸಿದರೆ ಲೂಪ್ ಕೊಡಬಲ್ಲ ಗರಿಷ್ಠ ಕರೆಂಟ್ 13.3 ಮಿಲಿಆಂಪಿಯರ್, ಅಂದರೆ ಸುಮಾರು 58% ಮಟ್ಟ. ಅದಕ್ಕಿಂತ ಕೆಳಗೆ ಎಲ್ಲವೂ ಸರಿ, ಎಳ್ಳಷ್ಟೂ ಅನುಮಾನ ಬರುವುದಿಲ್ಲ. ಸೆಟ್‌ಪಾಯಿಂಟ್ (ಕಾಯ್ದುಕೊಳ್ಳಬೇಕಾದ ಮಟ್ಟ) 70%ಗೆ ಏರಿಸಿದ ಕೂಡಲೇ ಓದು 58ರಲ್ಲಿ ಅಂಟಿಕೊಳ್ಳುತ್ತದೆ, ಕಂಟ್ರೋಲರ್ ವಾಲ್ವ್ ತೆರೆಯುತ್ತಲೇ ಹೋಗುತ್ತದೆ, ಮೂಲೆಯ ಪುಟ್ಟ ಟ್ಯಾಂಕ್ ಸದ್ದಿಲ್ಲದೆ ಉಕ್ಕಿ ಹರಿಯುತ್ತದೆ. ಟ್ರಾನ್ಸ್‌ಮಿಟರನ್ನು ಬಿಚ್ಚಿ ಮೇಜಿನ ಮೇಲೆ ಪರೀಕ್ಷಿಸಿದರೆ ಐದೂ ಬಿಂದುಗಳಲ್ಲಿ (0, 25, 50, 75, 100%) ಪಾಸ್! ಇದ್ದ ಜಾಗದಲ್ಲೇ ಪರೀಕ್ಷಿಸಿದರೆ 0, 25, 50 ಸರಿ. 75 ಮತ್ತು 100 ತಪ್ಪು. ಟ್ರಾನ್ಸ್‌ಮಿಟರ್ ಟರ್ಮಿನಲ್‌ಗಳ ನಡುವೆ ಪ್ರೋಬ್ ಇಟ್ಟು 12 ವೋಲ್ಟ್ ಕಂಡವರಿಗೆ ಗುಟ್ಟು ಬಿಟ್ಟುಕೊಡುತ್ತದೆ.

ಇದರ ಬಾಲವಾಗಿ ಇನ್ನೊಂದು ಪಾಠ ತಾನಾಗಿ ಹುಟ್ಟಿತು. ಟರ್ಮಿನಲ್ ಸರಿಪಡಿಸಿದ ಮೇಲೂ ವಾಲ್ವ್ ಬಹಳ ಹೊತ್ತು ತೆರೆದೇ ಇರುತ್ತದೆ, ಏಕೆಂದರೆ ವ್ಯತ್ಯಾಸವನ್ನು ಕೂಡಿಸುತ್ತಲೇ ಹೋಗುವ ಕಂಟ್ರೋಲರ್‌ನ ಇಂಟಿಗ್ರಲ್ ಭಾಗ ಅಷ್ಟರಲ್ಲಿ ಊದಿಕೊಂಡಿದೆ. ಹೀಗೆ ಊದಿಕೊಳ್ಳುವುದನ್ನು (ವೈಂಡಪ್) ತಡೆಯುವ ಗುಂಡಿಯೊಂದನ್ನು ಪಕ್ಕದಲ್ಲೇ ಇಟ್ಟಿದ್ದೇನೆ; ಹಾಕಿ ನೋಡಿ, ತೆಗೆದು ನೋಡಿ.

ಲೆಕ್ಕ ಮತ್ತು ಸದ್ದು

ಟ್ಯಾಂಕಿನ ಗಣಿತ ಸರಳ. ಹೊರಹರಿವು ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿದೆ, 0.1 ಸೆಕೆಂಡಿಗೊಮ್ಮೆ ಆಯ್ಲರ್ ವಿಧಾನದಲ್ಲಿ, ಅಂದರೆ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ, ಲೆಕ್ಕ. ಪರದೆ ಮರುಚಿತ್ರಿಸುವ ವೇಗಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ, ಹಾಗಾಗಿ ಹಳೆಯ ಕಂಪ್ಯೂಟರ್‌ನಲ್ಲೂ ಫಲಿತಾಂಶ ಒಂದೇ. ಸಮಯವನ್ನು ಹತ್ತು ಪಟ್ಟು ಓಡಿಸಬಹುದು, ಆದರೆ ನಿಜವಾದ ಗಡಿಯಾರ ಸದಾ ಕಾಣುತ್ತಿರುತ್ತದೆ. ದೊಡ್ಡ ಟ್ಯಾಂಕ್‌ಗಳು ಸೋಮಾರಿಗಳು ಎಂಬುದು ಮರೆತುಹೋಗಬಾರದು.

ವಿವರಣೆಯನ್ನು ಧ್ವನಿಯಲ್ಲಿ ಕೊಟ್ಟಿದ್ದೇನೆ. ಅನಿಮೇಷನ್ ಜೊತೆ ಪರದೆಯ ಬರಹಕ್ಕಿಂತ ಮಾತು ಚೆನ್ನಾಗಿ ಕಲಿಸುತ್ತದೆ, ಎರಡನ್ನೂ ಒಟ್ಟಿಗೆ ಹಾಕಿದರೆ ಗಮನ ಒಡೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಆದರೂ ಅಕ್ಷರಗಳನ್ನು ಕಿತ್ತುಹಾಕಿಲ್ಲ. ಕಿವಿ ಕೇಳದವರಿಗೆ, ಗದ್ದಲದ ಪ್ರಯೋಗಾಲಯದಲ್ಲಿ ಕುಳಿತವರಿಗೆ ಅವು ಬೇಕೇ ಬೇಕು. ಒಂದು ಗುಂಡಿ ಒತ್ತಿದರೆ ಬರುತ್ತವೆ. ಹಿನ್ನೆಲೆ ಸಂಗೀತ ಹಾಕಬೇಕೆಂಬ ಸಲಹೆಯನ್ನು ವಿನಯದಿಂದಲೇ ತಳ್ಳಿಹಾಕಿದೆ.

ಮುಂದಿನದು

ಒರಿಫಿಸ್ (ಪೈಪಿನೊಳಗೆ ಕೂರಿಸುವ ತೂತಿನ ತಟ್ಟೆ) ಫ್ಲೋ ಮಾಪನದ ಕರಡು ಓಡುತ್ತಿದೆ. ಹರಿವು ತಟ್ಟೆಯ ಎರಡು ಬದಿಯ ಒತ್ತಡದ ವ್ಯತ್ಯಾಸದ ವರ್ಗಮೂಲಕ್ಕೆ ಅನುಪಾತದಲ್ಲಿದೆ: ವ್ಯತ್ಯಾಸ 25% ಇದ್ದಾಗ ಹರಿವು 50%. ವರ್ಗಮೂಲವನ್ನು ಟ್ರಾನ್ಸ್‌ಮಿಟರ್ ಒಮ್ಮೆ, ಕಂಟ್ರೋಲರ್ ಇನ್ನೊಮ್ಮೆ ತೆಗೆದರೆ ಪರದೆಯಲ್ಲಿ 70.7%. ಈ ದೋಷವನ್ನು ಪಟ್ಟಿಗೆ ಸೇರಿಸಿಯಾಗಿದೆ. ಬಿಸಿಯಾದಂತೆ ರೋಧ ಏರುವ ಪಿಟಿ100 ತಾಪಮಾನ ಸಂವೇದಕದ ಪಾಠದಲ್ಲಿ ಎರಡು ತಂತಿಯ ಜೋಡಣೆ ಸಿದ್ಧವಿದೆ: ತಂತಿಗಳ ಒಟ್ಟು ರೋಧ 1 ಓಮ್ ಆದರೂ ಓದು ಸುಮಾರು 2.6 ಡಿಗ್ರಿ ಮೇಲೇರುತ್ತದೆ. ಮೂರನೆಯ ತಂತಿಯನ್ನು ಎಳೆದು ಜೋಡಿಸಿದರೆ ಆ ತಪ್ಪು ಕಳೆದುಹೋಗಬೇಕು. ಆ ಭಾಗದ ಕೋಡ್ ಇನ್ನೂ ಬರೆಯಬೇಕಿದೆ, ಅದಾದ ಮೇಲೆಯೇ ಥರ್ಮೋಕಪಲ್ ಎಂಬ ಇನ್ನೊಂದು ತಾಪಮಾನ ಸಂವೇದಕದ ಪಾಠ.