ಚೀಟಿ ಕೇಳೋ ಜಾಗದಲ್ಲಿ ಉಪದೇಶ ಮಾಡಿದ್ದು

ನಮ್ಮ ಮೆಡಿಕಲ್ ಇರೋದು ಶಿವಮೊಗ್ಗದ ದುರ್ಗಿಗುಡಿ ಹತ್ರ. ಬಿಲ್ಲಿಂಗ್ ಕಂಪ್ಯೂಟರ್ ಪಕ್ಕದಲ್ಲೇ ನಮ್ಮ ಓನರ್ ಒಂದು ಕ್ರೀಮ್ ಕಂಪನಿಯ ಕಟೌಟ್ ನಿಲ್ಸಿದಾರೆ, ಟ್ಯೂಬ್‌ಲೈಟ್ ತರ ಹೊಳೆಯೋ ಮುಖದ ಹುಡುಗಿ. ಆ ಕಡೆ ಅವಳು, ಈ ಕಡೆ ಎಣ್ಣೆಗಪ್ಪು ನಾನು. ಒಬ್ರು ಆಂಟಿ ಇಬ್ರನ್ನೂ ಒಂದ್ಸಲ ನೋಡಿ "ಇಷ್ಟೆಲ್ಲ ಕ್ರೀಮ್ ಇಟ್ಕೊಂಡು ನೀನ್ಯಾಕಮ್ಮ ಒಂದನ್ನೂ ಹಚ್ಕೊಳಲ್ಲ?" ಅಂದಿದ್ರು, ಪಾಪ, ಕಾಳಜಿಯಿಂದಾನೇ. ಕಟೌಟ್ ತೆಗೀರಿ ಸಾರ್ ಅಂದ್ರೆ "ಸ್ಕೀಮ್ ಮುಗಿಯೋವರೆಗೂ ಇರ್ಲಿ ಬಿಡಮ್ಮ" ಅಂತಾರೆ. ಸ್ಕೀಮ್ ಯಾವತ್ತೋ ಮುಗ್ದಿದೆ ಮಾರಾಯ್ರೆ.

ಹಚ್ಕೊಳ್ದೇ ಏನಿಲ್ಲ ನಾನು. ಡಿ.ಫಾರ್ಮಾ ಓದೋವಾಗ ಹಾಸ್ಟೆಲಲ್ಲಿ ರೂಮ್‌ಮೇಟ್ ಒಂದು ಟ್ಯೂಬ್ ಕೊಟ್ಟಿದ್ಲು, ಮೊಮೆಟಾಸೋನ್ ಅನ್ನೋ ಸ್ಟೆರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿರೋ ಟ್ರಿಪಲ್ ಕಾಂಬಿನೇಷನ್. ಅದು ಬಂಗಿಗೆ, ಅಂದ್ರೆ ಮುಖದ ಮೇಲಿನ ಕಂದು ಕಲೆಗೆ, ಅದೂ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ನಾವು ಪೌಡರ್ ಹಚ್ಚೋಹಾಗೆ ದಿನಾ ಹಚ್ತಿದ್ವಿ. ಮೊದಮೊದ್ಲು ಮುಖ ತಿಳಿಯಾಯ್ತು, ಊರಲ್ಲಿ ಚಿಕ್ಕಮ್ಮ "ಈಗ ಸ್ವಲ್ಪ ಬಣ್ಣ ಬಂದಿದೆ ನೋಡು" ಅಂತ ಖುಷಿಪಟ್ರು, ಆಮೇಲೆ ಚರ್ಮ ತೆಳುವಾಗಿ ಕೆನ್ನೆ ಮೇಲೆ ಕೆಂಪು ನರ ಕಾಣ್ಸಕ್ಕೆ ಶುರುವಾಯ್ತು, ಬಿಸಿಲಿಗೆ ಹೋದ್ರೆ ಉರಿ, ಬಿಟ್ರೆ ಮುಖದ ತುಂಬ ಮೊಡವೆ, ಮೊಡವೆಗೆ ಹೆದರಿ ಮತ್ತೆ ಹಚ್ಚು. ಸ್ಟೆರಾಯ್ಡ್ ಮುಖಕ್ಕೆ ಮಾಡೋದೇ ಇದನ್ನ. ಸ್ಕಿನ್ ಡಾಕ್ಟರ್ ಕೈಲಿ ಬೈಸ್ಕೊಂಡು, ಬಿಟ್ಟು, ಸರಿಹೋಗೋಷ್ಟರಲ್ಲಿ ಸಾಕುಸಾಕಾಗಿತ್ತು.

ಫೇರ್ ಅಂಡ್ ಲವ್ಲಿ ಬಂದಿದ್ದು 1975ರಲ್ಲಿ. ಅಂದ್ರೆ ನಮ್ಮಮ್ಮನ ಕಾಲದಿಂದ ಫೇರ್‌ನೆಸ್ ಕ್ರೀಮ್ ಇದೆ, ಕಪ್ಪಗಿದ್ರೆ ಕೆಲಸ ಇಲ್ಲ, ಗಂಡು ಸಿಗಲ್ಲ ಅನ್ನೋ ಜಾಹೀರಾತು ನೋಡ್ಕೊಂಡೇ ನಾವೆಲ್ಲ ಬೆಳ್ದಿದೀವಿ. ಹಾಗೆಲ್ಲ ತೋರಿಸ್ಬಾರ್ದು ಅಂತ ಜಾಹೀರಾತಿನೋರ ಸಂಸ್ಥೆ ಎಎಸ್‌ಸಿಐ 2014ರಲ್ಲಿ ನಿಯಮ ಮಾಡ್ತು, 2020ರಲ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯ್ತು, ನಮ್ಮ ಕೌಂಟರಲ್ಲಿ ಈಗ್ಲೂ ಕೇಳೋದು ಹಳೇ ಹೆಸರಲ್ಲೇ. ಇದೆಲ್ಲ ನನಗೆ ಬಾಯಿಪಾಠ ಇತ್ತು ನೋಡಿ, ಅದೇ ಎಡವಟ್ಟಾಗಿದ್ದು.

ಅಡಿಕೆ ಕೊನೆಕೊಯ್ಲಿನ ಟೈಮು, ಸಂಜೆ ರಶ್ಶು, ಕ್ಲಿನಿಕ್‌ಗಳೆಲ್ಲ ಒಟ್ಟಿಗೇ ಬಿಟ್ಟಿದ್ವು. ಒಬ್ಬಳು ಹುಡುಗಿ ಕೈಗಳ ಮಧ್ಯೆ ಮೊಬೈಲ್ ತೂರಿಸಿ "ಅಕ್ಕ, ಇದೊಂದು ಟ್ಯೂಬ್ ಕೊಡಿ, ತೀರ್ಥಹಳ್ಳಿ ಬಸ್ಸಿಗೆ ಹೋಗ್ಬೇಕು" ಅಂದ್ಲು. ಖಾಲಿ ಟ್ಯೂಬಿನ ಫೋಟೋ, ಕ್ಲೋಬೆಟಾಸಾಲ್, ಸ್ಟೆರಾಯ್ಡ್‌ಗಳಲ್ಲೇ ಭಾರೀ ಸ್ಟ್ರಾಂಗು. ಮುಖ ನೋಡಿದೆ, ನನ್ನದೇ ಬಣ್ಣ. ಅಷ್ಟೇ ಸಾಕಾಯ್ತು ನನಗೆ.

"ಇದನ್ನೆಲ್ಲ ಮುಖಕ್ಕೆ ಹಚ್ಬಾರ್ದಮ್ಮ" ಅಂತ ಶುರು ಮಾಡ್ದೆ. ಅವಳು "ಅಕ್ಕ, ಅದು..." ಅಂದ್ಲು, ನಾನು ಬಿಡ್ಲಿಲ್ಲ. ಚರ್ಮ ಸುಟ್ಟೋಗತ್ತೆ, ಟಿವೀಲಿ ಬರೋರಿಗೆಲ್ಲ ಮೇಕಪ್ಪು ಲೈಟಿಂಗು ಫಿಲ್ಟರು, ಯಾರೂ ನಿಜವಾಗ್ಲೂ ಹಾಗಿರಲ್ಲ, ನಮ್ಮ ಬಣ್ಣ ನಾವು ಒಪ್ಕೋಬೇಕು, ನನ್ನ ನೋಡು, ನಾನು ಆರಾಮಾಗಿಲ್ವಾ... ಸುಮಾರು ಹೊತ್ತು ಹೇಳ್ದೆ, ದನಿಯೂ ಸ್ವಲ್ಪ ಜೋರೇ ಇತ್ತು. ಬಿಪಿ ಮಾತ್ರೆಗೆ ನಿಂತಿದ್ದ ಯಜಮಾನ್ರು "ಹೌದಮ್ಮ, ಗುಣ ಮುಖ್ಯ" ಅಂತ ಸೇರಿಸಿದ್ರು. ಹಿಂದೆ ಯಾರೋ ಕಿಸಕ್ ಅಂದ್ರು. ನನಗೆ ಅದೂ ಹುರುಪೇ.

ಹುಡುಗಿ ಮಾತಾಡ್ಲಿಲ್ಲ. ತಲೆ ಬಗ್ಗಿಸಿ ವಾಟ್ಸಾಪ್ ಹುಡುಕ್ತಿದ್ಲು, ಫೋಟೋ ಸುತ್ತುತ್ತಾ ಸುತ್ತುತ್ತಾ ಓಪನ್ ಆಗ್ತಿಲ್ಲ, ಕ್ಯೂ ಪೂರ್ತಿ ಕಾಯ್ತಿದೆ. ಆಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ಲು. ಎರಡು ಅಂಗೈ. ಬೆರಳ ಸಂದೀಲಿ ಚರ್ಮ ದಪ್ಪಗಟ್ಟಿ ಬಿರಿದು, ಬಿರುಕಿನ ಒಳಗೆಲ್ಲ ಅಡಿಕೆ ಚೊಗರು ಇಳಿದು ಕರ್ರಗಾಗಿದೆ, ಹೆಬ್ಬೆರಳ ಬುಡದಲ್ಲಿ ಹಸೀ ರಕ್ತ. "ಅಮ್ಮಂದು. ಅಡಿಕೆ ಸುಲೀತಾರೆ" ಅಂದ್ಲು. ಅದರ ಕೆಳಗೇ ಸ್ಕಿನ್ ಡಾಕ್ಟರ್ ಚೀಟಿ, ಅದೇ ವಾರದ್ದು, ಅಂಗೈಗೆ, ರಾತ್ರಿ ಹೊತ್ತು ಅಂತ ಸ್ಪಷ್ಟವಾಗಿ ಬರ್ದಿದೆ.

ಟ್ಯೂಬ್ ತೆಗೆದೆ, ಬ್ಯಾಚ್ ಹೊಡೆದೆ, ದರಿದ್ರ ಪ್ರಿಂಟರ್ ಆಗಲೇ ಪೇಪರ್ ಕಚ್ಕೊಂಡು ಕೂತ್ಕೊಳ್ತು. ಅದನ್ನ ಎಳೀತಾ ನಿಂತಿದ್ದಾಗ ಅವಳು ಮೆಲ್ಲಗೆ ಕೇಳಿದ್ಲು, "ಬೆಳ್ಳಗಿರೋರು ಬಂದು ಕೇಳಿದ್ರೂ ಇಷ್ಟೆಲ್ಲ ಹೇಳ್ತೀರಾ ಅಕ್ಕ?"

ಹೇಳಲ್ಲ. ಅವತ್ತು ಮಧ್ಯಾಹ್ನಾನೇ ಬೆಳ್ಳಗೆ ಲಕ್ಷಣವಾಗಿದ್ದ ಒಬ್ರು ಮೇಡಂ ಅದೇ ನಾನು ಹಾಸ್ಟೆಲಲ್ಲಿ ಹಚ್ತಿದ್ದ ಕಾಂಬಿನೇಷನ್ ಕೇಳಿದ್ರು, ಮುಖಕ್ಕೇ ಹಚ್ತಾರೆ ಅಂತ ಗೊತ್ತಿದ್ದೂ, ಚೀಟಿ ಕೇಳ್ದೇನೇ ಬಿಲ್ ಮಾಡಿ ಕೊಟ್ಟಿದ್ದೆ. ಸ್ಟೆರಾಯ್ಡ್ ಕ್ರೀಮ್‌ಗಳು 2018ರಲ್ಲೇ ಶೆಡ್ಯೂಲ್ ಎಚ್‌ಗೆ, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಮಾರಬಾರ್ದ ಔಷಧಿಗಳ ಪಟ್ಟಿಗೆ, ಸೇರಿವೆ. ಆದ್ರೆ ನಮ್ಮ ಸಾಫ್ಟ್‌ವೇರ್ ಎಂಥದು ಅಂದ್ರೆ ಡಾಕ್ಟರ್ ಕಾಲಮ್ಮಲ್ಲಿ 'ಸೆಲ್ಫ್' ಅಂತ ಹೊಡೆದ್ರೂ ಸುಮ್ನೆ ಬಿಲ್ ಬಿಡತ್ತೆ.

ರಾತ್ರಿ ಪೂರ್ತಿ ಅದೇ ತಲೇಲಿ. ಕ್ರೀಮ್ ಬಿಟ್ಟೆ, ಕನ್ನಡಿ ಮುಂದೆ ಆರಾಮಾಗಿ ನಿಲ್ತೀನಿ, ನನ್ನದು ಮುಗೀತು ಅಂದ್ಕೊಂಡಿದ್ದೆ. ನನ್ನ ಮುಖ ಅಳೆಯೋದು ಬಿಟ್ಟಿದ್ದೆ ಅಷ್ಟೇ, ಎದುರಿಗೆ ಬಂದೋರ ಮುಖ ಅದೇ ಹಳೇ ಅಳತೇಲಿ ಅಳೀತಿದ್ದೆ. ಕಪ್ಪಗಿದ್ದಾಳೆ, ಸರಿ, ಬೆಳ್ಳಗಾಗಕ್ಕೇ ಬಂದಿರ್ತಾಳೆ. ಜಾಹೀರಾತಿನೋರೂ ಅಂದ್ಕೊಳ್ಳೋದು ಅದನ್ನೇ ಅಲ್ವಾ?

ಈಗ ಎಲ್ರಿಗೂ ಒಂದೇ ಪ್ರಶ್ನೆ, "ಚೀಟಿ ಇದ್ಯಾ? ಎಲ್ಲಿಗೆ ಹಚ್ಚಕ್ಕೆ?" ಮಧ್ಯಾಹ್ನದ ಮೇಡಂ ಮತ್ತೆ ಬಂದಾಗ್ಲೂ ಕೇಳ್ದೆ. ಅವ್ರು ಮುಖ ಕೆಂಪು ಮಾಡ್ಕೊಂಡು ಮುಂದಿನ ಅಂಗಡಿಗೆ ಹೋದ್ರು, ಅಲ್ಲಿ ಸಿಕ್ಕಿರತ್ತೆ ಬಿಡಿ. ಅಂಥೋರು ಇನ್ನೂ ಕೆಲವ್ರು ಹೋದ್ರು. ಸ್ಕಿನ್ ಐಟಮ್ ಸೇಲ್ ಯಾಕಮ್ಮ ಬಿದ್ದಿದೆ ಅಂತ ಓನರ್ ತಿಂಗಳ ಕೊನೇಲಿ ರಿಪೋರ್ಟ್ ಹಿಡ್ಕೊಂಡು ಬಂದ್ರು. ಶೆಡ್ಯೂಲ್ ಎಚ್ ಸಾರ್, ಡ್ರಗ್ ಇನ್ಸ್‌ಪೆಕ್ಟರ್ ಬಂದ್ರೆ ಲೈಸೆನ್ಸ್ ಕಥೆ ನೀವೇ ನೋಡ್ಕೊಳ್ಳಿ ಅಂದೆ. ಆಮೇಲಿಂದ ಆ ರಿಪೋರ್ಟ್ ವಿಷ್ಯ ಎತ್ತಿಲ್ಲ, ಇನ್‌ಕ್ರಿಮೆಂಟ್ ವಿಷ್ಯಾನೂ ಎತ್ತಿಲ್ಲ.