ದೊಡ್ಡಗದ್ದವಳ್ಳಿಯ ದೀಪಕ್ಕೆ ಒಂದು ಬಾಟಲಿ ಎಣ್ಣೆ

ನಮ್ಮ ಮನೆದೇವರು ಕೊಲ್ಲಾಪುರದಮ್ಮ, ಅಂದರೆ ಕೊಲ್ಹಾಪುರದ ಲಕ್ಷ್ಮಿ. ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಆಕೆಗೆ ಗೋಪುರವಿಲ್ಲ, ಮೂರ್ತಿಯೂ ಇಲ್ಲ. ಬೇವಿನ ಮರದ ಕೆಳಗೆ ಅರಿಶಿನ ಹಚ್ಚಿದ ಒಂದು ಕಲ್ಲು, ಅಷ್ಟೇ. ಅಜ್ಜಿ ಬೆಳಿಗ್ಗೆ ಎದ್ದವರೇ ಮೊದಲು ಅಲ್ಲಿಗೆ ಒಂದು ಚೊಂಬು ನೀರು ಹಾಕಿ ಬರುತ್ತಿದ್ದರು. ‘ಇವಳು ಅಲ್ಲಿಂದ ಬಂದೋಳು ಕಣಪ್ಪ’ ಅಂತ ದೂರಕ್ಕೆ ಕೈ ತೋರಿಸುತ್ತಿದ್ದರು. ಆ ‘ಅಲ್ಲಿ’ ಅನ್ನೋದು ಎಲ್ಲಿ ಅಂತ ಅಜ್ಜಿ ಯಾವತ್ತೂ ಕಂಡವರಲ್ಲ. ನನ್ನ ಮಟ್ಟಿಗೂ ಕೊಲ್ಹಾಪುರ ಅಂದರೆ ಮಹಾರಾಷ್ಟ್ರದ ಒಂದು ದೊಡ್ಡ ಊರು, ಅಷ್ಟೇ ಆಗಿತ್ತು.

ನಮ್ಮ ರಾಜ್ಯದ ಹಾಸನ ಜಿಲ್ಲೆಯಲ್ಲೇ ಅದೇ ಹೆಸರಿಟ್ಟು ಒಂದು ಊರು ಕಟ್ಟಿದ್ದರು ಅಂತ ಗೊತ್ತಾದಾಗ ಸುಮ್ನೆ ಕೂರೋಕೆ ಆಗಲಿಲ್ಲ. ಅಭಿನವ ಕೊಲ್ಲಾಪುರ. ಅಂದರೆ ಹೊಸ ಕೊಲ್ಲಾಪುರ. ಈಗ ಅದಕ್ಕೆ ದೊಡ್ಡಗದ್ದವಳ್ಳಿ ಅಂತ ಹೆಸರು. ಅಲ್ಲಿನ ಲಕ್ಷ್ಮೀದೇವಿ ಗುಡಿಯ ಶಾಸನದಲ್ಲಿ ಈ ವಿಷಯ ಇದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಮುಂದಿನ ವಾರ ಊರಿಗೆ ಹೋದಾಗ ಅಮ್ಮ ನನ್ನ ಬ್ಯಾಗಿಗೆ ಒಂದು ಬಾಟಲಿ ಎಳ್ಳೆಣ್ಣೆ ಹಾಕಿಬಿಟ್ಟರು. ‘ಅಮ್ಮನ ದೀಪಕ್ಕೆ ಕೊಡು. ನಾನಂತೂ ಅಷ್ಟು ದೂರ ಬರಾಕಾಗಲ್ಲ.’

ಡಿಸೆಂಬರ್ ಕೊನೆಯ ವಾರ, ಧನುರ್ಮಾಸ. ಹಾಸನದಲ್ಲಿ ಬೆಳಿಗ್ಗೆ ಏಳಕ್ಕೆ ಬೇಲೂರು ಬಸ್ಸು ಹತ್ತಿದೆ. ಮಂಜು ಎಷ್ಟಿತ್ತು ಅಂದರೆ ಕಿಟಕಿಯಾಚೆ ತೆಂಗಿನ ಮರಗಳ ತಲೆ ಮಾತ್ರ ಕಾಣುತ್ತಿತ್ತು. ದೊಡ್ಡಗದ್ದವಳ್ಳಿಗೆ ತಿರುಗುವ ಕಡೆ ಕಂಡಕ್ಟರ್ ಇಳಿಸಿದರು. ಅಲ್ಲಿಂದ ನಡಿಗೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ಕಾಣೋದೇ ನಿಂತಿತು. ಈ ಬದಿಯಿಂದ ಆ ಬದಿಯವರೆಗೂ ರಾಗಿ ತೆನೆ ಹರಡಿದ್ದರು. ಓಡಾಡುವ ಗಾಡಿಗಳ ಚಕ್ರವೇ ಈಗ ರೋಣಗಲ್ಲು. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ತುಳಿಸುವ ಕಾಲ ಹೋಯಿತು. ಕೂಲಿಗೆ ಜನ ಸಿಗಲ್ಲ, ಎತ್ತು ಸಾಕಿದವರೂ ಕಡಿಮೆ. ನಾನು ಅದರ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಪಕ್ಕದಿಂದ ಒಬ್ಬ ಅಜ್ಜ ಕೂಗಿದರು.

‘ಮೇಲೇ ನಡ್ಕಂಡು ಬನ್ನಿ, ಪರವಾಗಿಲ್ಲ. ಚಪ್ಪಲಿ ಮಾತ್ರ ಕೈಲಿಡ್ಕಳಿ.’

ಮಾತಲ್ಲಿ ಸಿಟ್ಟಿರಲಿಲ್ಲ. ಮನೆ ಬಾಗಿಲಲ್ಲಿ ಕಾಲು ತೊಳೆಯೋಕೆ ನೀರು ಕೊಟ್ಟ ಹಾಗೆ ಹೇಳಿದರು. ಬಸ್ಸು, ಟ್ರ್ಯಾಕ್ಟರ್ ಅದೇ ರಾಗಿ ಮೇಲೆ ಹೋಗಬಹುದು, ಅದು ಕೆಲಸ. ಮನುಷ್ಯ ಮಾತ್ರ ಚಪ್ಪಲಿ ಹಾಕಿ ತುಳಿಯಬಾರದು. ಈ ವ್ಯತ್ಯಾಸ ಅವರಿಗೆ ವಿವರಿಸಬೇಕು ಅಂತ ಅನ್ನಿಸಲೇ ಇಲ್ಲ. ನಾನೂ ಕೇಳಲಿಲ್ಲ. ಮಂಜಿಗೆ ತಣ್ಣಗಾದ ಹುಲ್ಲು ಪಾದಕ್ಕೆ ಚುಚ್ಚುತ್ತಿತ್ತು. ಎಷ್ಟೋ ವರ್ಷದ ಮೇಲೆ ಹೀಗೆ ಬರಿಗಾಲಲ್ಲಿ ನಡೆದೆ. ಆಮೇಲೆ ಚಪ್ಪಲಿ ಹಾಕಿಕೊಳ್ಳೋಕೆ ಮನಸ್ಸೇ ಬರಲಿಲ್ಲ, ಹಾಗೇ ಗುಡಿವರೆಗೂ ಹೋದೆ.

ಗುಡಿ ಇರೋದು ಕೆರೆ ದಡದಲ್ಲಿ. ಸುತ್ತ ಕಲ್ಲಿನ ಪೌಳಿ, ಅದರಾಚೆಗೆ ಊರಿನ ಮನೆಗಳು, ತೆಂಗಿನ ಮರಗಳು. ಬೇಲೂರಿನ ಹಾಗೆ ಎತ್ತರದ ಜಗತಿ, ಅಂದರೆ ಕಲ್ಲಿನ ಕಟ್ಟೆ ಇಲ್ಲ. ನೆಲದಿಂದಲೇ ಎದ್ದು ನಿಂತಿದೆ. ಇದು 1113-14ರ ಸುಮಾರಿನದು. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಅಂದರೆ ಇದು ಅದಕ್ಕಿಂತ ಹಿರಿಯದು. ಹೊರಗೋಡೆ ತುಂಬ ಸರಳ, ಸಾಲು ಸಾಲು ಮೂರ್ತಿಗಳಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳ ಮುಂದೆ ಹುಲಿ ಕೊಲ್ಲುವ ಸಳನ ಲಾಂಛನ ಇದೆ. ಬೇಲೂರಿಗೆ ಹೋಗುವಷ್ಟು ಜನ ಈ ಕಡೆ ತಿರುಗಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ತುಂಬ ಖುಷಿಯ ವಿಷಯವೇ. ಆದರೆ ಬೇಲೂರಿಗೆ ಹೋಗುವವರು ದಾರಿಯಲ್ಲಿ ಒಂದು ಗಂಟೆ ಇಲ್ಲೂ ಇಳಿಯಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಒಳಗೆ ಕತ್ತಲೆ. ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲ್ಲ. ನಿಧಾನಕ್ಕೆ ಕಡೆದು ನುಣುಪು ಮಾಡಿದ ಕಂಬಗಳು ಕಾಣಿಸಿದವು. ತಲೆಯ ಮೇಲೆ ನಡುವೆ ಶಿವ ಕುಣಿಯುತ್ತಿದ್ದ, ಸುತ್ತ ದಿಕ್ಪಾಲಕರು. ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ ಇರುವ ಗುಡಿ ಇದು. ಹೊಯ್ಸಳರಲ್ಲಿ ಹೀಗೆ ಕಟ್ಟಿದ್ದು ತೀರಾ ಅಪರೂಪ. ಲಕ್ಷ್ಮಿ ಒಂದು ಕಡೆ, ಭೂತನಾಥ ಲಿಂಗ ಒಂದು ಕಡೆ, ಕಾಳಿ ಇನ್ನೊಂದು ಕಡೆ. ನಾಲ್ಕನೆಯದರಲ್ಲಿ ಮೂರ್ತಿ ಇಲ್ಲ.

ಅರ್ಚಕರಿಗೆ ಎಣ್ಣೆ ಬಾಟಲಿ ಕೊಟ್ಟೆ. ಅಮ್ಮ ಕಳಿಸಿದ್ದು, ಮನೆದೇವರು ಕೊಲ್ಲಾಪುರದಮ್ಮ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ‘ಹಾಗಾದ್ರೆ ತವರಿಗೆ ಬಂದಂಗೆ ಆಯ್ತು’ ಅಂದರು. ದೀಪದ ಬತ್ತಿ ಮುಂದೆ ಎಳೆದು ಎಣ್ಣೆ ಹುಯ್ದರು. ಮೊದಲು ಚಟಚಟ ಅಂದಿತು. ಆಮೇಲೆ ಉರಿ ಮೇಲೆದ್ದಿತು. ಅಲ್ಲೀವರೆಗೂ ಬರೀ ಹೂವಿನ ಗುಡ್ಡೆ ಅನ್ನಿಸಿದ್ದ ಕಡೆ ಒಂದು ಕೈ ಕಾಣಿಸಿತು, ಅದರಲ್ಲಿ ಶಂಖ. ಇನ್ನೊಂದರಲ್ಲಿ ಚಕ್ರ. ಆಮೇಲೆ ಮುಖ. ದೊಡ್ಡ ಮೂರ್ತಿ ಏನಲ್ಲ. ಎದುರಿಗೆ ನಿಂತರೆ ಹತ್ತು ವರ್ಷದ ಹುಡುಗಿ ನಿಂತು ನೋಡಿದ ಹಾಗೆ ಇರುತ್ತದೆ. ನಮ್ಮೂರ ಬೇವಿನ ಮರದ ಕೆಳಗಿನ ಆ ಕಲ್ಲಿಗೆ ಕಣ್ಣು ಮೂಗು ಬಂದಂತೆ ಆಯಿತು. ಅಜ್ಜಿ ಇದ್ದಿದ್ದರೆ ಏನು ಮಾಡುತ್ತಿದ್ದರೋ. ನನಗೆ ಕಣ್ಣಲ್ಲಿ ನೀರು ಬಂತು.

ಈ ಗುಡಿ ಕಟ್ಟಿಸಿದ್ದು ರಾಜ ಅಲ್ಲ. ಆಗ ಆಳುತ್ತಿದ್ದದ್ದು ವಿಷ್ಣುವರ್ಧನನೇ. ಆದರೆ ಕಟ್ಟಿಸಿದ್ದು ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಗಂಡ ಹೆಂಡತಿ ಇಬ್ಬರ ಹೆಸರೂ ಶಾಸನದಲ್ಲಿ ಉಳಿದಿದೆ. ಕೆತ್ತಿದ ಮಲ್ಲೋಜ ಮಾಣಿಯೋಜನ ಹೆಸರೂ ಇದೆ. ಅವರು ಬರೀ ಗುಡಿ ಕಟ್ಟಲಿಲ್ಲ, ಜೊತೆಗೆ ಊರನ್ನೂ ಕಟ್ಟಿದರು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ. ಗುಡಿ ನೋಡೋಕೆ ಹೋದಾಗ ನಾವು ಸುತ್ತ ಇರುವ ಮನೆ, ದನದ ಕೊಟ್ಟಿಗೆ, ಒಣಹುಲ್ಲಿನ ಬಣವೆಗಳನ್ನ ಫೋಟೋಗೆ ಅಡ್ಡ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಆ ಊರಿಗೂ ಗುಡಿಗೂ ಒಂದೇ ವಯಸ್ಸು. ಒಬ್ಬರೇ ತಂದೆ ತಾಯಿ.

ಕಾಳಿಯ ಬಾಗಿಲಿಗೆ ಎರಡು ಬೇತಾಳಗಳು ಕಾವಲು. ಆಳೆತ್ತರದವು. ಮೈಮೇಲೆ ಮಾಂಸವೇ ಇಲ್ಲ. ಎದೆಗೂಡಿನ ಒಂದೊಂದು ಎಲುಬನ್ನೂ ಎಣಿಸಬಹುದು. ಹೊಟ್ಟೆ ಬೆನ್ನಿಗೆ ಹತ್ತಿದೆ. ಮೊಣಕಾಲಿನ ಗಂಟು, ಕತ್ತಿನ ನರ ಎಲ್ಲವೂ ಇದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತದೆ, ಹಾಗಾಗಿ ಇಷ್ಟು ಸಣ್ಣ ಕೆಲಸ ಆಯಿತು ಅನ್ನುತ್ತಾರೆ. ಸರಿಯೇ. ಆದರೆ ಹಸಿದ ಮೈ ಹೇಗಿರುತ್ತದೆ ಅಂತ ಕಲ್ಲು ಹೇಳಿಕೊಡಲ್ಲ. ಕೆತ್ತಿದವನು ಬರಗಾಲ ಕಂಡಿರಬೇಕು ಅಂತ ನನಗೆ ಅನ್ನಿಸಿತು. ಬಯಲುಸೀಮೆಯವನು ನಾನು, ಅದಕ್ಕೂ ಹಾಗೆ ಕಂಡಿರಬಹುದು.

ಒಳಗೆ ಎಂಟು ಕೈಯ ಕಾಳಿ. 2020ರ ನವೆಂಬರ್‌ನಲ್ಲಿ ಈ ಮೂರ್ತಿ ಒಡೆದು ಬಿದ್ದಿತ್ತು. ಪುರಾತತ್ವ ಇಲಾಖೆಯವರು ತುಂಡುಗಳನ್ನ ಜೋಡಿಸಿ ಮತ್ತೆ ನಿಲ್ಲಿಸಿದರು. ಅವತ್ತಿನ ಮಾತು ನನಗೆ ಹೇಳಿದ್ದು ಪೌಳಿಯಾಚೆ ಮನೆಯ ಒಬ್ಬ ಅಮ್ಮ. ಗುಡಿಯಿಂದ ಹೊರಗೆ ಬಂದಾಗ ಜಗಲಿ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದರು. ‘ಎಲ್ಲಿಂದ ಬಂದ್ರಿ?’ ಅಂತ ಮಾತು ಶುರುವಾಯಿತು.

‘ಅವತ್ತು ಒಲೆ ಹಚ್ಚಾಕೂ ಮನ್ಸಾಗ್ಲಿಲ್ಲ’ ಅಂದರು. ‘ದಿನಾ ನೋಡೋ ಮುಖ. ಮನೇಲಿ ಯಾರಿಗೋ ಏನೋ ಆದಂಗಾಯ್ತು.’ ಹೇಗಾಯಿತು, ಯಾಕಾಯಿತು ಅಂತ ನಾನು ಕೇಳಲಿಲ್ಲ. ಅವರೂ ಅಷ್ಟಕ್ಕೇ ಬಿಟ್ಟರು. ಕೈ ಮಾತ್ರ ನಿಲ್ಲಲಿಲ್ಲ. ರಾತ್ರಿ ನೆನೆಸಿಟ್ಟ ಕಾಳನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ ಅಂತ ತಟ್ಟೆಗೆ ಹಾರುತ್ತಿತ್ತು. ನಾನೂ ಕೂತೆ. ಮೊದಲ ನಾಲ್ಕು ಕಾಳು ನಜ್ಜಾದವು. ‘ಜೋರು ಬ್ಯಾಡ, ಬುಡದ ಕಡೆ ಹಿಡೀರಿ’ ಅಂದರು. ಆಮೇಲೆ ಕೈಗೆ ಹತ್ತಿತು. ಬೆರಳಿಗೆಲ್ಲ ಸೊಗಡಿನ ವಾಸನೆ. ಎರಡು ಗಂಟೆ ಹೇಗೆ ಕಳೆಯಿತೋ ಗೊತ್ತಿಲ್ಲ.

ಮಧ್ಯಾಹ್ನ ಬರುತ್ತದೆ ಅಂದಿದ್ದ ಬಸ್ಸು ಅವತ್ತು ಬರಲಿಲ್ಲ. ‘ಊಟ ಮಾಡ್ಕಂಡೋಗಿ’ ಅಂದರು. ಮುದ್ದೆ, ಹಿತಕಿದ ಬೇಳೆ ಸಾರು. ನಾನೇ ಹಿತುಕಿದ ಬೇಳೆಯೂ ಅದರಲ್ಲಿತ್ತು. ಊಟಕ್ಕೆ ಬಂದ ಆ ಅಮ್ಮನ ಮಾವನವರನ್ನ ನೋಡಿದರೆ, ಬೆಳಿಗ್ಗೆ ರಸ್ತೆಯಲ್ಲಿ ಚಪ್ಪಲಿ ಬಿಡಿಸಿದ ಅಜ್ಜನೇ! ನನ್ನ ಬರಿಗಾಲು ನೋಡಿ, ‘ಇನ್ನೂ ಹಾಕ್ಕಂಡಿಲ್ವಾ?’ ಅಂತ ನಕ್ಕರು.

ಅಜ್ಜನಿಗೆ ಶಾಸನದ ಮಾತು ಹೇಳಿದೆ. ಕುಲ್ಲಹಣ ರಾಹುತ, ಸಹಜಾದೇವಿ, ಊರಿನ ಹಳೇ ಹೆಸರು. ಹೆಸರು ಗೊತ್ತಿತ್ತು ಅವರಿಗೆ. ‘ಕೆರೆ ಇದ್ದ ಕಡೆ ಗುಡಿ ಕಟ್ಟವ್ರೆ. ಬುದ್ಧಿವಂತ್ರು. ನೀರಿಲ್ಲ ಅಂದ್ರೆ ದೇವ್ರಿಗೆ ಅನ್ನ ಎಲ್ಲಿಂದ ತರಾನ?’ ಅಂದರು. ನಾನು ಶಿಖರ, ಕಂಬ, ಛಾವಣಿ ಅಂತ ಎಷ್ಟೆಲ್ಲ ನೋಡಿದ್ದೆ. ಕೆರೆಯನ್ನ ಮಾತ್ರ ಗುಡಿಯ ಭಾಗ ಅಂತ ನೋಡಿರಲೇ ಇಲ್ಲ.

ಸಂಜೆ ನಾಲ್ಕಕ್ಕೆ ಎಲ್ಲರೂ ರಸ್ತೆಗೆ ಹೊರಟರು. ಇಬ್ಬನಿ ಬೀಳುವ ಮೊದಲು ರಾಗಿ ಎತ್ತಬೇಕು. ನಾನೂ ಹೋದೆ. ಹುಲ್ಲು ಕೊಡವಿ ಪಕ್ಕಕ್ಕೆ ಹಾಕಿದರು. ಕೆಳಗೆ ಉಳಿದ ಕಾಳನ್ನ ಗುಡಿಸಿ ಗುಡ್ಡೆ ಮಾಡಿದರು. ಆ ಅಮ್ಮ ಗಾಳಿಗೆ ಬೆನ್ನು ಕೊಟ್ಟು ನಿಂತು ಮೊರ ಎತ್ತಿ ಬಿಟ್ಟರು. ಹೊಟ್ಟು ಹಾರಿಹೋಗಿ ಕೆಂಪು ಕಾಳು ನೇರ ಕೆಳಗೆ ಬೀಳುತ್ತಿತ್ತು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಮೂಗು, ಕತ್ತು ಎಲ್ಲ ಸುಂಕು. ಕೆರೆಯ ಆಚೆ ಗುಡಿಯ ಶಿಖರಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

ಹಾಸನದ ಕಡೆ ಹೋಗುವ ಒಂದು ಗೂಡ್ಸ್ ಆಟೋ ಸಿಕ್ಕಿತು. ಹತ್ತುವಾಗ ಬ್ಯಾಗಿನಿಂದ ನೀರು ತೆಗೆಯಲು ಹೋಗಿ, ಅರ್ಚಕರು ವಾಪಸ್ ಕೊಟ್ಟಿದ್ದ ಖಾಲಿ ಎಣ್ಣೆ ಬಾಟಲಿ ಹೊರಗೆ ಬಂತು. ಆ ಅಮ್ಮ ನೋಡಿದರು. ‘ಅದು ಯಾರದ್ದು?’ ‘ನಮ್ಮಮ್ಮ ದೀಪಕ್ಕೆ ಎಣ್ಣೆ ಕಳಿಸಿದ್ರು.’ ‘ಅಯ್ಯೋ, ಬರಿದು ಕಳಿಸ್ತಾರಾ!’ ಅಂತ ಕಸಿದುಕೊಂಡರು. ಸೆರಗಿನಿಂದ ಒಳಗೆಲ್ಲ ಒರೆಸಿ, ಕಾಗದ ಸುತ್ತಿ ಲಾಳಿಕೆ ಮಾಡಿ, ಗುಡ್ಡೆಯಿಂದ ರಾಗಿ ಹುಯ್ದು ಬಾಯಿವರೆಗೂ ತುಂಬಿದರು. ಆಟೋದವರು ಎರಡು ಸಲ ಹಾರ್ನ್ ಹೊಡೆದರು. ಅವರು ಅವಸರ ಮಾಡಲಿಲ್ಲ.

ಮರುದಿನ ಊರಿಗೆ ಹೋಗಿ ಅಮ್ಮನ ಕೈಗೆ ಬಾಟಲಿ ಕೊಟ್ಟೆ. ಎಲ್ಲ ಹೇಳಿದೆ. ಶಂಖ ಚಕ್ರದ ಬಗ್ಗೆ, ಬೇತಾಳದ ಬಗ್ಗೆ, ಅಜ್ಜನ ಬಗ್ಗೆ. ಅಮ್ಮ ಬಾಟಲಿಯನ್ನ ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಎಣ್ಣೆ ಅಂಟಿದ್ದ ಕಡೆ ಕೆಲವು ಕಾಳು ಗಾಜಿಗೆ ಕಚ್ಚಿಕೊಂಡಿದ್ದವು. ‘ಹೊಸ ರಾಗಿ’ ಅಂದರು. ಆಮೇಲೆ ಒಂದು ತಟ್ಟೆಗೆ ಸುರಿದುಕೊಂಡು, ತಲೆಗೆ ಸೆರಗು ಹೊದ್ದು, ಬೇವಿನ ಮರದ ಕಡೆ ಹೊರಟರು.